ನಾಲ್ಕು ಕಚೇರಿಗಳ ನಡುವಿನ ದಾರಿ



ಮಕ್ಕಳು ತಮ್ಮ ತಾಯಿಯ ನೆನಪಿಗಾಗಿ ಇಟ್ಟ ದತ್ತಿಯ ಉಪನ್ಯಾಸ ಇದು. ರಾತ್ರಿ ಹೊತ್ತಿನಲ್ಲಿ ಮನೆಯಿಂದ ಓಡಿಬಂದ ನೆರೆಹೊರೆಯ ಹೆಣ್ಣುಮಕ್ಕಳಿಗೆ ಆ ತಾಯಿ ಬಾಗಿಲು ತೆಗೆಯುತ್ತಿದ್ದರು ಎಂದು ಅವರ ಮಗಳು ನನಗೆ ಹೇಳಿದರು. ಅದನ್ನು ಕೇಳಿದ ಮೇಲೆ ಬೇರೆ ವಿಷಯ ಹುಡುಕಬೇಕು ಅನ್ನಿಸಲಿಲ್ಲ. ನಾನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯಾಗಿ, ಅಂದರೆ ನೀವೆಲ್ಲ ಕರೆಯುವ ಹಾಗೆ ಸಿಡಿಪಿಒ ಆಗಿ, ಬಯಲುಸೀಮೆಯ ಕೆಲವು ತಾಲ್ಲೂಕುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಆದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆಯನ್ನು ಸಿಡಿಪಿಒಗಳಿಗೇ ವಹಿಸಿದರು. ಹಾಗಾಗಿ ಅಂಗನವಾಡಿಯ ಮೊಟ್ಟೆ, ಮಕ್ಕಳ ತೂಕ, ಪೌಷ್ಟಿಕ ಆಹಾರದ ಲೆಕ್ಕಗಳ ಜೊತೆಗೆ ಪೆಟ್ಟು ತಿಂದ ಹೆಣ್ಣುಮಕ್ಕಳ ಕಾಗದಗಳೂ ನನ್ನ ಮೇಜಿಗೆ ಬಂದವು. ಇವತ್ತು ಹೇಳುವುದೆಲ್ಲ ಆ ಮೇಜಿನಿಂದ ಕಂಡದ್ದು.

ಒಬ್ಬ ಹೆಣ್ಣುಮಗಳಿಂದ ಶುರು ಮಾಡುತ್ತೇನೆ. ಅವಳ ಹೆಸರೂ ಊರೂ ಬೇಡ. ಒಂದು ಸೋಮವಾರ ಮಧ್ಯಾಹ್ನ, ಊಟದ ಹೊತ್ತು ಮುಗಿದಿತ್ತು. ಐದಾರು ವರ್ಷದ ಮಗಳ ಕೈ ಹಿಡಿದುಕೊಂಡು ಬಂದು ಬಾಗಿಲ ಹತ್ತಿರವೇ ನಿಂತಳು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು. ಕೂರಮ್ಮ ಅಂದಮೇಲೂ ಕುರ್ಚಿಯ ತುದಿಯಲ್ಲಿ ಕೂತು, ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಜೋಡಿಸಿದಳು. ರೇಷನ್ ಕಾರ್ಡಿನ ಜೆರಾಕ್ಸ್. ಆಸ್ಪತ್ರೆಯ ಹೊರರೋಗಿ ಚೀಟಿ, ಅದರ ಮೇಲೆ ಜಾರಿ ಬಿದ್ದು ಪೆಟ್ಟು ಎಂಬ ಅರ್ಥದ ಒಂದು ಸಾಲು. ಠಾಣೆಯಿಂದ ಕೊಟ್ಟ ಹಿಂಬರಹ, ಅದರಲ್ಲಿ ಉಭಯತರನ್ನು ಕರೆಸಿ ಬುದ್ಧಿವಾದ ಹೇಳಿ ಕಳಿಸಲಾಗಿದೆ ಎಂಬ ಒಕ್ಕಣೆ. ವಕೀಲರೊಬ್ಬರ ಹೆಸರು ಬರೆದ ಪುಟ್ಟ ಚೀಟಿ. ನಮ್ಮ ಕಚೇರಿಗೆ ಅವಳು ಬಂದದ್ದು ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ ನಾನು ಜಿಲ್ಲಾ ಕೇಂದ್ರದಲ್ಲಿ ಮೀಟಿಂಗಿನಲ್ಲಿದ್ದೆ. "ಮೇಡಂ ಇಲ್ಲ, ಸೋಮವಾರ ಬಾ" ಎಂದು ನಮ್ಮವರೇ ಕಳಿಸಿದ್ದರು.

"ಈ ಸಂಗತಿಯನ್ನು ಇದುವರೆಗೆ ಎಷ್ಟು ಜನಕ್ಕೆ ಹೇಳಿದ್ದೀಯಮ್ಮ?" ಎಂದು ಕೇಳಿದೆ. ಬೆರಳು ಮಡಿಸಿ ಎಣಿಸಿದಳು. ಠಾಣೆಯಲ್ಲಿ ಇಬ್ಬರಿಗೆ, ಆಸ್ಪತ್ರೆಯಲ್ಲಿ ಒಬ್ಬರಿಗೆ, ವಕೀಲರ ಗುಮಾಸ್ತನಿಗೆ, ನಮ್ಮ ಕಚೇರಿಯ ಕ್ಲರ್ಕಿಗೆ. "ನೀವು ಆರನೇಯವ್ರು ಮೇಡಂ" ಎಂದಳು. ಏನಾಯಿತು ಹೇಳು ಎಂದಾಗ ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಹೊಡೀತಾರೆ ಮೇಡಂ." ಅಷ್ಟೇ. ಅರ್ಧ ಗಂಟೆ ಸುಮ್ಮನೆ ಜೊತೆಯಲ್ಲಿ ಕೂತು, ಮಗುವಿಗೆ ಬಿಸ್ಕತ್ತು ಕೊಟ್ಟು, ನೀರು ಕುಡಿಸಿದ ಮೇಲೆ ಸೆರಗು ಸರಿಸಿ ಕತ್ತು ತೋರಿಸಿದಳು. ಎರಡೂ ಕಡೆ ಹೆಬ್ಬೆಟ್ಟಿನ ಗುರುತು ಹಳದಿಗೆ ತಿರುಗಿತ್ತು. ಕತ್ತು ಹಿಸುಕಿದ್ದನ್ನು ಮೊದಲ ದಿನ ಠಾಣೆಯಲ್ಲಿ ಹೇಳಿದ್ದಳಂತೆ. ಯಾರೂ ಬರೆದುಕೊಳ್ಳಲಿಲ್ಲ. ಎರಡನೆಯ ಕಡೆ ಅದನ್ನು ಅರ್ಧ ಹೇಳಿದಳು. ಮೂರನೆಯ ಕಡೆ ಬಿಟ್ಟೇಬಿಟ್ಟಳು.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆದಷ್ಟೂ ಅವಳ ಮಾತು ಸವೆಯುತ್ತದೆ. ಮೊದಲು ಸವೆದು ಹೋಗುವುದು ಅತ್ಯಂತ ಭಯಂಕರವಾದ ಸಂಗತಿಯೇ, ಏಕೆಂದರೆ ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟ. ಕತ್ತು ಹಿಸುಕಿದವನು ಮುಂದೊಂದು ದಿನ ಕೊಂದೇಬಿಡುವ ಅಪಾಯ ಬಹಳ ಹೆಚ್ಚು ಎಂಬುದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಒಪ್ಪುತ್ತಾರೆ. ಆ ಒಂದು ಸುದ್ದಿ ಠಾಣೆಗೂ ಆಸ್ಪತ್ರೆಗೂ ನನ್ನ ಕಚೇರಿಗೂ ನಡುವೆ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಯಾವ ಕಚೇರಿಯವರೂ ಅವಳಿಗೆ ಕೇಡು ಬಯಸಿದವರಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಚೂರು ಕೆಲಸ ಮಾಡಿ, ಉಳಿದದ್ದಕ್ಕೆ ಪಕ್ಕದ ಕಚೇರಿಯ ದಾರಿ ತೋರಿಸಿದ್ದರು.

ಕಾಯ್ದೆಯನ್ನು ಬರೆದವರಿಗೆ ಈ ಅಪಾಯ ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಓದಿ ನೋಡಿದರೆ ಅದು ಕಚೇರಿಗಳನ್ನು ಒಂದಕ್ಕೊಂದು ಕಟ್ಟುವ ಕಾಯ್ದೆ. ದೂರು ಬಂದ ಕೂಡಲೇ ಪೊಲೀಸರು ಆಕೆಗೆ ಏನೇನು ತಿಳಿಸಬೇಕು ಎಂಬುದು 5ನೇ ಕಲಮಿನಲ್ಲಿದೆ: ಸಂರಕ್ಷಣಾಧಿಕಾರಿ ಇದ್ದಾರೆ, ಸೇವಾ ಸಂಸ್ಥೆಗಳಿವೆ, ಉಚಿತ ಕಾನೂನು ನೆರವು ಇದೆ, ಬೇಕಿದ್ದರೆ ಕ್ರಿಮಿನಲ್ ದೂರನ್ನೂ ಕೊಡಬಹುದು. ಸಂರಕ್ಷಣಾಧಿಕಾರಿ ಏನು ಮಾಡಬೇಕೆಂಬುದು 9ನೇ ಕಲಮಿನಲ್ಲಿ. ಕೌಟುಂಬಿಕ ಘಟನೆಯ ವರದಿಯನ್ನು, ನಮ್ಮ ಮಾತಿನಲ್ಲಿ ಡಿಐಆರ್ ಅನ್ನು, ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ಅದರ ಪ್ರತಿಯನ್ನು ಠಾಣೆಗೂ ಕೊಡಬೇಕು. ವೈದ್ಯಕೀಯ ತಪಾಸಣೆ ಮಾಡಿಸಿ ಆ ವರದಿಯನ್ನೂ ಅದೇ ಎರಡು ಕಡೆಗೆ ಮುಟ್ಟಿಸಬೇಕು. ತನ್ನ ವ್ಯಾಪ್ತಿಯ ಆಸ್ಪತ್ರೆ, ಆಶ್ರಯಧಾಮ, ಕಾನೂನು ನೆರವಿನವರ ಪಟ್ಟಿಯೊಂದನ್ನು ಇಟ್ಟುಕೊಂಡಿರಬೇಕು. ನ್ಯಾಯಾಲಯದ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು, ಅರ್ಜಿಯನ್ನು 60 ದಿನದೊಳಗೆ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು. ಕರ್ತವ್ಯ ತಪ್ಪಿದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಎಂದೂ 33ನೇ ಕಲಮು ಹೇಳುತ್ತದೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಡಿಐಆರ್ ಬಗ್ಗೆ ಎರಡು ಮಾತು. ಅದು ನಿಯಮಗಳ ಜೊತೆಗಿರುವ ಮೊದಲನೇ ನಮೂನೆ. ದೈಹಿಕ ಹಿಂಸೆ, ಲೈಂಗಿಕ ಹಿಂಸೆ, ಬಾಯಿಮಾತಿನ ಮತ್ತು ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಎಂದು ಬೇರೆ ಬೇರೆಯಾಗಿ ಕೇಳುತ್ತದೆ. ಕೂಲಿ ದುಡ್ಡನ್ನು ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಒಡವೆ ಅಡ ಇಡುವುದು ಎಲ್ಲವೂ ಹಿಂಸೆಯೇ ಎಂಬುದನ್ನು ಎಷ್ಟೋ ಹೆಣ್ಣುಮಕ್ಕಳು ಆ ನಮೂನೆಯನ್ನು ತುಂಬಿಸುವಾಗಲೇ ಮೊದಲ ಸಲ ಕೇಳಿದ್ದು. "ಇದನ್ನೂ ಬರೀಬೋದಾ ಮೇಡಂ?" ಎಂದು ಕೇಳುತ್ತಿದ್ದರು. ಸರಿಯಾಗಿ ಬರೆಸಿದ ಒಂದು ಡಿಐಆರ್ ಇದ್ದರೆ ಆಕೆ ಮುಂದಿನ ಕಡೆ ಮೊದಲಿಂದ ಕಥೆ ಹೇಳಬೇಕಾಗಿಲ್ಲ. ಅದಿಲ್ಲ ಎಂಬ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವಂತೆಯೂ ಇಲ್ಲ. 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು: ವರದಿ ಬಂದಿದ್ದರೆ ಮ್ಯಾಜಿಸ್ಟ್ರೇಟರು ಅದನ್ನು ನೋಡಲೇಬೇಕು, ಬಂದಿಲ್ಲದಿದ್ದರೂ ಆದೇಶ ಮಾಡಬಹುದು. ಆ ಪೀಠದಲ್ಲಿದ್ದವರಲ್ಲಿ ನಮ್ಮ ರಾಜ್ಯದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಒಬ್ಬರು.

ಈಗ ಠಾಣೆಗೆ ಬರುತ್ತೇನೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ನನ್ನ ಸೇವೆಯುದ್ದಕ್ಕೂ ಅತಿ ಹೆಚ್ಚು ಕೇಡು ಮಾಡಿದ್ದನ್ನು ಕಂಡದ್ದು ಈ ಗಾದೆಯನ್ನೇ. ಜಗಳಕ್ಕೂ ಹಿಂಸೆಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ. ಹಿಂಸೆಯಿರುವ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಹೆಜ್ಜೆ ಸಪ್ಪಳಕ್ಕೇ ನಡುಗುತ್ತಾರೆ. ಗಾದೆಯನ್ನು ನಂಬಿದ ಠಾಣೆ ಇಬ್ಬರನ್ನೂ ಎದುರುಬದುರು ಕೂರಿಸಿ, ಇಬ್ಬರಿಗೂ ಸಮನಾಗಿ ಬೈದು, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುತ್ತದೆ. ಆ ಸಂಜೆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಲು ಯಾರೂ ಹೋಗುವುದಿಲ್ಲ. ಇದನ್ನು ಕೌನ್ಸೆಲಿಂಗ್ ಎಂದು ಕರೆಯುವ ರೂಢಿಯೂ ಬಿದ್ದಿದೆ. ಕಾಯ್ದೆಯಡಿಯ ಕೌನ್ಸೆಲಿಂಗ್ ಆಗುವುದು ಮ್ಯಾಜಿಸ್ಟ್ರೇಟರು ಹೇಳಿದ ಮೇಲೆ. ಹಿಂಸೆಗೆ ಸಮರ್ಥನೆ ಕೊಡಲು ಎದುರುದಾರನಿಗೆ ಅಲ್ಲಿ ಅವಕಾಶವಿಲ್ಲ, ಈ ಮಾತನ್ನು ಅವನಿಗೆ ಮೊದಲೇ ತಿಳಿಸಬೇಕು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. "ಸಾರು ಸರಿಯಿರಲಿಲ್ಲ ಸಾರ್, ಅದಕ್ಕೆ ಕೈ ಎತ್ತಿದೆ" ಎನ್ನುವ ಮಾತು ಅಲ್ಲಿ ಬಾಯಿಂದ ಬರುವ ಹಾಗಿಲ್ಲ.

ಇನ್ನೊಂದು ಮಾತು ಠಾಣೆಗಳಲ್ಲಿ ಸದಾ ಕೇಳಿಬರುವುದು: "ನಮ್ಮ ಲಿಮಿಟ್ಸ್‌ಗೆ ಬರಲ್ಲಮ್ಮ." ಗಂಡನ ಮನೆ ಒಂದು ತಾಲ್ಲೂಕು, ತವರು ಇನ್ನೊಂದು. ಪೆಟ್ಟು ಬಿದ್ದದ್ದು ಅಲ್ಲಿ, ಆಕೆ ಓಡಿಬಂದು ಕೂತದ್ದು ಇಲ್ಲಿ. ಈ ಕಾಯ್ದೆಯ ಪ್ರಕಾರ ಆಕೆ ತಾತ್ಕಾಲಿಕವಾಗಿ ಉಳಿದುಕೊಂಡ ಊರಿನ ನ್ಯಾಯಾಲಯದಲ್ಲೂ ಅರ್ಜಿ ಹಾಕಬಹುದು. ಗಂಡನ ಮನೆಯವರ ಕ್ರೌರ್ಯದ ಕ್ರಿಮಿನಲ್ ದೂರಿಗೂ ಅದೇ ಮಾತು ಅನ್ವಯಿಸುತ್ತದೆ ಎಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಿಂದೆ 498ಎ ಎನ್ನುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವ ಪದ್ಧತಿ ಅದರ ಜೊತೆಗೇ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬರಹದಲ್ಲೇ ಇದೆ. ಆದರೂ ಬಸ್ಸು ಹತ್ತಿ ವಾಪಸು ಹೋಗು ಎಂದು ಹೆಣ್ಣುಮಗಳಿಗೆ ಹೇಳುವವರು ಇಂದಿಗೂ ಇದ್ದಾರೆ.

ಬಸ್ಸಿನ ಮಾತು ಬಂತು, ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ಆ ಯೋಜನೆಯ ಬಗ್ಗೆ ನೂರು ಚರ್ಚೆ ಆಗಿವೆ. ಹಳ್ಳಿಯಿಂದ ತಾಲ್ಲೂಕಿಗೆ ಬಂದು ದೂರು ಕೊಡಬೇಕಾದವಳು ಬಸ್ ಚಾರ್ಜಿಗೆ ಗಂಡನ ಕೈಯನ್ನೇ ನೋಡಬೇಕಾಗಿದ್ದ ಕಾಲವನ್ನು ಕಂಡವಳು ನಾನು. ಆ ಕಷ್ಟ ಈಗ ತಪ್ಪಿದೆ. ಆದರೆ ಗುರುತಿನ ಚೀಟಿ ತೋರಿಸಬೇಕು. ಹಿಂಸೆಯಿರುವ ಮನೆಯಲ್ಲಿ ಗಂಡ ಮೊದಲು ಬಚ್ಚಿಡುವುದು ಹೆಂಡತಿಯ ಆಧಾರ್ ಕಾರ್ಡನ್ನು.

ಆಸ್ಪತ್ರೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಠಾಣೆಯ ಮೆಟ್ಟಿಲು ಹತ್ತದವರೂ ಆಸ್ಪತ್ರೆಗೆ ಬಂದೇ ಬರುತ್ತಾರೆ. ಆದರೆ ಬಂದವಳ ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಾರೆ. ವೈದ್ಯರು "ಏನಾಯ್ತು?" ಎಂದರೆ ಉತ್ತರ ಅವರಿಂದ ಬರುತ್ತದೆ, ಅದೇ ಚೀಟಿಗೂ ಇಳಿಯುತ್ತದೆ. ಒಮ್ಮೆ ಇಳಿದ ಸಾಲು ಮುಂದೆ ನ್ಯಾಯಾಲಯದಲ್ಲಿ ಅವಳ ವಿರುದ್ಧವೇ ನಿಲ್ಲುತ್ತದೆ. ನೀನೇ ಜಾರಿ ಬಿದ್ದೆ ಎಂದು ಹೇಳಿದ್ದೆಯಲ್ಲಮ್ಮ ಎಂದು ಎದುರುಪಕ್ಷದ ವಕೀಲರು ಕೇಳುತ್ತಾರೆ. ಈ ಒಂದು ಸಾಲಿಗೆ ನಮ್ಮ ನಾಡು ತೆತ್ತ ಬೆಲೆ ದೊಡ್ಡದು. 1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಗಳ ಪಕ್ಕ ಕೂತು ಹೆಣ್ಣುಮಕ್ಕಳ ಮಾತು ಕೇಳಿಸಿಕೊಂಡರು. ಸ್ಟೌ ಸಿಡಿಯಿತು, ಅಡುಗೆ ಮನೆ ಅಪಘಾತ ಎಂದು ಮುಚ್ಚಿಹೋಗಿದ್ದ ಕಡತಗಳನ್ನು ಮತ್ತೆ ತೆರೆಸಿ ನೋಡಿ ಎಂದು ವರ್ಷಗಟ್ಟಲೆ ಹೋರಾಡಿದರು. ಸ್ಟೌ ಸಿಡಿದರೆ ಮನೆಯ ಸೊಸೆಯೊಬ್ಬಳೇ ಯಾಕೆ ಸುಡುತ್ತಾಳೆ ಎಂಬ ಪ್ರಶ್ನೆ ಅಂದು ಬೀದಿಗೆ ಬಂತು. ಆಸ್ಪತ್ರೆ, ಠಾಣೆ, ತಹಶೀಲ್ದಾರರ ಮರಣೋತ್ತರ ವಿಚಾರಣೆ ಮೂರೂ ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡದೆ ನಡೆದರೆ ಸಾವಿಗೂ ಒಂದು ಸುಳ್ಳು ಕಾರಣ ಹುಟ್ಟುತ್ತದೆ ಎಂಬುದನ್ನು ಆ ಹೆಣ್ಣುಮಕ್ಕಳು ತೋರಿಸಿಕೊಟ್ಟರು. ಅವರಿಗೆ ನಾವು ಋಣಿಗಳಾಗಿರಬೇಕು.

ಆಸ್ಪತ್ರೆಯನ್ನೇ ಮೊದಲ ಬಾಗಿಲಾಗಿ ಮಾಡಿದ ಊರೂ ಇದೆ. ಮುಂಬೈಯ ಬಾಂದ್ರಾದಲ್ಲಿ ಮಹಾನಗರ ಪಾಲಿಕೆಯ ಭಾಭಾ ಆಸ್ಪತ್ರೆಯೊಳಗೆ ಸೆಹತ್ ಸಂಸ್ಥೆ ಪಾಲಿಕೆಯ ಜೊತೆ ಸೇರಿ 2000ದ ಸುಮಾರಿಗೆ ದಿಲಾಸಾ ಎಂಬ ಕೇಂದ್ರ ತೆರೆಯಿತು. ಅದೇ ಮುಂಬೈಯಲ್ಲಿ 1984ರಷ್ಟು ಹಿಂದೆಯೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಪೊಲೀಸ್ ಕಚೇರಿಯೊಳಗೆ ಸಮಾಜ ಕಾರ್ಯಕರ್ತೆಯರನ್ನು ಕೂರಿಸಿತ್ತು. ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಯೂ ಇದೇ ಜಾತಿಯದು. ಇವೆಲ್ಲ ಹೇಳುವ ಪಾಠ ಸರಳವಾಗಿದೆ. ಹೆಣ್ಣುಮಗಳು ಹೇಗೂ ಬರುವ ಜಾಗದಲ್ಲಿ, ಕೇಳಲು ಕಲಿತ ಒಬ್ಬರು ಕೂತಿರಬೇಕು. ಕಾಯ್ದೆಯ ನಿಯಮಗಳ ಪ್ರಕಾರ ಡಿಐಆರ್ ಇಲ್ಲ ಎಂಬ ನೆಪ ಹೇಳಿ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಇಲ್ಲದಿದ್ದರೆ ಆಸ್ಪತ್ರೆಯವರೇ ಅದನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ನನ್ನ ಇಡೀ ಸೇವೆಯಲ್ಲಿ ಆಸ್ಪತ್ರೆಯಿಂದ ಹಾಗೆ ತುಂಬಿ ಬಂದ ನಮೂನೆಗಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು.

ನ್ಯಾಯಾಲಯದ ವಿಳಂಬದ ಬಗ್ಗೆ ನಿಮಗೆಲ್ಲ ಗೊತ್ತಿದೆ, ನಾನು ಬೆಳೆಸುವುದಿಲ್ಲ. 60 ದಿನ ಎಂದು ಕಾಯ್ದೆ ಹೇಳಿದ ಅರ್ಜಿ ವರ್ಷಗಟ್ಟಲೆ ನಡೆದದ್ದನ್ನು ನೋಡಿದ್ದೇನೆ. ನಾನು ಹೇಳಬೇಕಾದದ್ದು ಆದೇಶ ಬಂದ ಮೇಲಿನ ಕಥೆ. ಒಬ್ಬಾಕೆಗೆ ರಕ್ಷಣಾ ಆದೇಶ ಸಿಕ್ಕಿತ್ತು. ಗಂಡ ಆಕೆಯ ಹತ್ತಿರ ಸುಳಿಯಬಾರದು ಎಂದು ಮ್ಯಾಜಿಸ್ಟ್ರೇಟರು ಬರೆದಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು, ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಒಂದು ರಾತ್ರಿ ಅವನು ಕುಡಿದು ಬಂದು ಬಾಗಿಲು ಬಡಿದ. ಆಕೆ ಠಾಣೆಗೆ ಫೋನು ಮಾಡಿದಳು. "ನಮಗೆ ಆ ಆರ್ಡರಿನ ಕಾಪಿ ಬಂದಿಲ್ಲವಲ್ಲಮ್ಮ" ಎಂಬ ಉತ್ತರ ಬಂತು. ಆದೇಶದ ಪ್ರತಿಯನ್ನು ಠಾಣಾಧಿಕಾರಿಗೆ ಉಚಿತವಾಗಿ ಕೊಡಬೇಕು ಎಂದು 24ನೇ ಕಲಮು ಹೇಳುತ್ತದೆ. ಆದೇಶ ಮುರಿದರೆ ಅದು ಜಾಮೀನಿಲ್ಲದ ಅಪರಾಧ, ವಾರಂಟ್ ಇಲ್ಲದೆ ಬಂಧಿಸಬಹುದು. ನ್ಯಾಯಾಲಯದಿಂದ ಠಾಣೆಗೆ ಅರ್ಧ ಮೈಲಿಯೂ ಇರಲಿಲ್ಲ. ಒಂದು ಹಾಳೆ ಆ ಅರ್ಧ ಮೈಲಿ ನಡೆಯದೆ ಹೋದದ್ದರಿಂದ ಆಕೆ ಆ ರಾತ್ರಿ ಹಿತ್ತಿಲ ಬೇಲಿ ಹಾರಿ ಪಕ್ಕದವರ ಕೊಟ್ಟಿಗೆಯಲ್ಲಿ ಕೂತು ಬೆಳಗು ಮಾಡಿದಳು.

ಆಶ್ರಯದ ಮಾತು. ಸಖಿ ಎಂಬ ಒನ್ ಸ್ಟಾಪ್ ಕೇಂದ್ರಗಳು 2015ರ ಏಪ್ರಿಲ್‌ನಿಂದ ಬಂದಿವೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಮನಸ್ಸಿಗೆ ಧೈರ್ಯ ಹೇಳುವವರು, ಕೆಲವು ದಿನದ ತಂಗುವಿಕೆ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂಬುದು ಅವುಗಳ ಉದ್ದೇಶ. ಉದ್ದೇಶ ಅತ್ಯುತ್ತಮವಾದದ್ದು. ಆದರೆ ಸಖಿ ಇರುವುದು ಜಿಲ್ಲಾ ಕೇಂದ್ರದಲ್ಲಿ, ಹಿಂಸೆ ಆಗುವುದು ತಾಲ್ಲೂಕಿನ ಮೂಲೆಯ ಹಳ್ಳಿಯಲ್ಲಿ. ತಾಲ್ಲೂಕುಗಳಲ್ಲಿ ಸಂಘ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳ ಆಪ್ತ ಸಮಾಲೋಚಕಿಯರು ಈ ಅಂತರವನ್ನು ತಮ್ಮ ಹೆಗಲ ಮೇಲೆ ಹೊತ್ತಿದ್ದಾರೆ. ಅವರಿಗೆ ಸಿಗುವ ಗೌರವಧನವನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ನಾನು ಹೇಳಲೇಬೇಕಾದ ಒಂದು ಕಹಿ ಸತ್ಯವಿದೆ. ನಮ್ಮ ತಾಲ್ಲೂಕುಗಳಲ್ಲಿ ಸಮನ್ವಯ ಇಲ್ಲವೆಂದು ಅಂದುಕೊಳ್ಳಬೇಡಿ. ಗಂಡನ ಕಡೆಗೆ ಅದು ಯಾವತ್ತೂ ಇದೆ. ಊರ ಮುಖಂಡ ಠಾಣೆಗೆ ಫೋನು ಮಾಡುತ್ತಾನೆ, ಠಾಣೆಯಿಂದ ಆಕೆಯ ಅಣ್ಣನಿಗೆ ಹೇಳಿಕಳಿಸುತ್ತಾರೆ, ಅಣ್ಣ ತಾಯಿಯನ್ನು ಕರೆತರುತ್ತಾನೆ, ಸಂಜೆಯೊಳಗೆ ಹತ್ತು ಜನ ಕೂತು ರಾಜಿ ಮಾಡಿ ಮುಗಿಸುತ್ತಾರೆ. ಆ ಜಾಲಕ್ಕೆ ಸುತ್ತೋಲೆ ಬೇಕಿಲ್ಲ, ಅನುದಾನ ಬೇಕಿಲ್ಲ, ಕೆಲವು ಗಂಟೆಯಲ್ಲಿ ಕೆಲಸ ಆಗುತ್ತದೆ. ಹೀಗಿರುವಾಗ ಇಲಾಖೆಗಳು ಒಟ್ಟಾಗಿ ಕೂತರೆ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ. ಯಾರ ಪರವಾಗಿ ಕೂತಿದ್ದೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಆಕೆಯ ಒಪ್ಪಿಗೆಯಿಲ್ಲದೆ ಆಕೆಯ ಸಂಗತಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬಾರದು. ಸಣ್ಣ ಊರಿನಲ್ಲಿ ಠಾಣೆಯ ಸಿಬ್ಬಂದಿ ಗಂಡನ ಸಹಪಾಠಿ ಆಗಿರಬಹುದು, ನಮ್ಮ ಕಚೇರಿಯವರೇ ಅವರ ಬೀಗರಾಗಿರಬಹುದು. ಆಕೆ ಎಲ್ಲಿ ಉಳಿದುಕೊಂಡಿದ್ದಾಳೆ ಎಂಬ ಒಂದು ಮಾತು ಸೋರಿದರೂ ಜೀವಕ್ಕೆ ಅಪಾಯ. ಮನೆ ಬಿಟ್ಟು ಹೊರಟ ಹೊತ್ತೇ ಅತ್ಯಂತ ಅಪಾಯದ ಹೊತ್ತು.

ಬೇರೆ ದೇಶದವರೂ ಇದೇ ದಾರಿಯಲ್ಲಿ ಎಡವಿ ಕಲಿತಿದ್ದಾರೆ. ಅಮೆರಿಕದ ಮಿನೆಸೋಟದ ಡುಲೂತ್ ಎಂಬ ಊರಿನಲ್ಲಿ 1981ರಲ್ಲಿ ಪೊಲೀಸ್, ನ್ಯಾಯಾಲಯ, ಆಶ್ರಯಧಾಮದವರು ಒಂದೇ ಕ್ರಮಕ್ಕೆ ಒಪ್ಪಿ ಕೆಲಸ ಶುರು ಮಾಡಿದರು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2003ರಿಂದ, ಜೀವಾಪಾಯ ಹೆಚ್ಚಿರುವ ಪ್ರಕರಣಗಳನ್ನಷ್ಟೇ ಆರಿಸಿ, ಪೊಲೀಸ್, ಆರೋಗ್ಯ, ವಸತಿ ಇಲಾಖೆಯವರು ಒಂದೇ ಕೋಣೆಯಲ್ಲಿ ಕೂತು ಒಬ್ಬೊಬ್ಬ ಹೆಣ್ಣುಮಗಳ ಬಗ್ಗೆಯೂ ಯಾರು ಏನು ಮಾಡಬೇಕೆಂದು ನಿಶ್ಚಯಿಸುವ ಪದ್ಧತಿ ಬಂತು. ಅಲ್ಲಿ ಹೆಣ್ಣುಮಗಳ ಪರವಾಗಿ ಮಾತಾಡಲೆಂದೇ ಒಬ್ಬ ಸ್ವತಂತ್ರ ಸಲಹೆಗಾರ್ತಿ ಕೂರುತ್ತಾರೆ. ಆ ಕುರ್ಚಿ ನನಗೆ ಬಹಳ ಹಿಡಿಸಿತು.

ಕತ್ತಿನ ಮೇಲೆ ಹೆಬ್ಬೆಟ್ಟಿನ ಗುರುತಿದ್ದ ಆ ಹೆಣ್ಣುಮಗಳು ಬಂದುಹೋದ ಮೇಲೆ ನಾವು ನಮ್ಮ ತಾಲ್ಲೂಕಿನಲ್ಲಿ ಒಂದು ಸಣ್ಣ ಕೆಲಸ ಮಾಡಿದೆವು. ತಿಂಗಳ ಎರಡನೆಯ ಶುಕ್ರವಾರ ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆಯ ಒಂದು ಖಾಲಿ ಕೋಣೆಯಲ್ಲಿ ಸೇರುವುದು. ಆಸ್ಪತ್ರೆಯೇ ಯಾಕೆಂದರೆ, ಠಾಣೆಗೆ ಹೋದ ಹೆಂಗಸಿನ ಸುದ್ದಿ ಸಂಜೆಯೊಳಗೆ ಊರೆಲ್ಲ ತಿರುಗುತ್ತದೆ. ಆಸ್ಪತ್ರೆಗೆ ಹೋದವಳನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಹಿರಿಯ ನರ್ಸ್ ಒಬ್ಬರು, ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್, ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ, ಸಾಂತ್ವನ ಕೇಂದ್ರದ ಸಮಾಲೋಚಕಿ, ನಾನು. ಐದು ಜನ. ಒಂದು ನೋಟ್‌ಬುಕ್ಕು, ಅದಕ್ಕೆ ಬೀಗವಿರುವ ಬೀರು. ಪುಟದ ಬಲಬದಿಯಲ್ಲಿ "ಮುಂದೆ ಯಾರು" ಎಂಬ ಒಂದು ಕಾಲಂ. ಅದರಲ್ಲಿ ಕಚೇರಿಯ ಹೆಸರು ಬರೆಯುವ ಹಾಗಿಲ್ಲ, ವ್ಯಕ್ತಿಯ ಹೆಸರನ್ನೇ ಬರೆಯಬೇಕು. ಠಾಣೆಗೆ ಹೋಗು ಎನ್ನುವುದರ ಬದಲು, ಹೆಣ್ಣುಮಗಳು ಇಲ್ಲಿಂದ ಎದ್ದು ಹೋಗುವ ಮೊದಲೇ ಅಲ್ಲಿನವರಿಗೆ ಫೋನು ಮಾಡಿ, ಆಕೆಯ ಕೈಗೇ ಫೋನು ಕೊಟ್ಟು, ದನಿ ಗುರುತು ಮಾಡಿಸಿ ಕಳಿಸುವುದು. ಕತ್ತು ಹಿಸುಕಿದ್ದಾನಾ, ಸೀಮೆಎಣ್ಣೆ ಪೆಟ್ರೋಲು ತೋರಿಸಿ ಹೆದರಿಸಿದ್ದಾನಾ, ಮಕ್ಕಳನ್ನು ಕೊಲ್ಲುತ್ತೇನೆ ಅಂದಿದ್ದಾನಾ ಎಂಬ ಪ್ರಶ್ನೆಗಳನ್ನು ಐವರಲ್ಲಿ ಯಾರು ಮೊದಲು ಸಿಕ್ಕರೋ ಅವರು ಕೇಳಿ ಬರೆದುಕೊಳ್ಳುವುದು. ಉಳಿದವರು ಮತ್ತೆ ಕೇಳಬಾರದು. ಆಕೆಯ ಮೊಬೈಲಿಗೆ ನೇರವಾಗಿ ಫೋನು ಮಾಡಬಾರದು, ಅದನ್ನು ಎತ್ತುವವನು ಗಂಡನೇ ಆಗಿರಬಹುದು. ಅಂಗನವಾಡಿ ಕಾರ್ಯಕರ್ತೆಯ ಮೂಲಕ, ಮಗುವಿನ ತೂಕ ನೋಡುವ ನೆಪದಲ್ಲಿ, ಸುದ್ದಿ ಮುಟ್ಟಿಸುವುದು.

ಇಷ್ಟರಿಂದ ಆದದ್ದೇನು ಎಂದರೆ, ಹೆಣ್ಣುಮಕ್ಕಳು ಎರಡನೆಯ ಕಚೇರಿಗೆ ಹೋಗುವುದನ್ನು ಬಿಡಲಿಲ್ಲ. ಮೊದಲು ಎಷ್ಟೋ ಜನ ಒಂದು ಬಾಗಿಲಲ್ಲೇ ಸೋತು ವಾಪಸಾಗುತ್ತಿದ್ದರು. ಆ ಹೆಡ್ ಕಾನ್‌ಸ್ಟೆಬಲ್ ತಿಂಗಳಿಗೊಮ್ಮೆ ನ್ಯಾಯಾಲಯದ ಕಚೇರಿಗೆ ತಾನೇ ಹೋಗಿ ರಕ್ಷಣಾ ಆದೇಶಗಳ ಪ್ರತಿ ತಂದು ಠಾಣೆಯ ಫೈಲಿನಲ್ಲಿ ಇಡತೊಡಗಿದರು. ಅತ್ತೆಯ ಹೆಸರಿನಲ್ಲಿ ಮನೆ ಇದೆ, ಸೊಸೆಗೆ ಹಕ್ಕಿಲ್ಲ ಎಂದು ಯಾರಾದರೂ ಬಂದರೆ, 2020ರ ಸತೀಶ್ ಚಂದರ್ ಅಹುಜಾ ತೀರ್ಪಿನ ನಂತರ ಆ ಮಾತು ನಡೆಯುವುದಿಲ್ಲ ಎಂದು ಸ್ವಯಂಸೇವಕಿ ಅಲ್ಲೇ ಹೇಳುತ್ತಿದ್ದರು. ನರ್ಸ್ ಒಂದು ಕೆಲಸ ಮಾಡಿದರು. ಗಾಯಗೊಂಡು ಬಂದ ಹೆಂಗಸನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದುಕೊಂಡಾಗ ಜೊತೆಗಾರರನ್ನು ಪರದೆಯ ಹೊರಗೆ ನಿಲ್ಲಿಸಿ, "ಒಳಗೆ ಬರಬೇಡಿ, ಔಷಧಿ ಹಾಕ್ತಿದೀನಿ" ಎನ್ನುವುದು. ಆ ಐದು ನಿಮಿಷದಲ್ಲಿ ಚೀಟಿಯ ಮೇಲಿನ ಸಾಲು ಬದಲಾಗುತ್ತಿತ್ತು.

ನನಗೆ ವರ್ಗವಾಯಿತು. ನನ್ನ ನಂತರ ಎರಡು ಶುಕ್ರವಾರ ಸಭೆ ನಡೆಯಿತಂತೆ, ಆಮೇಲೆ ನಿಂತುಹೋಯಿತು. ಹೊಸದಾಗಿ ಬಂದವರ ತಪ್ಪು ಎನ್ನಲಾರೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ ಕೆಲಸವೂ ಸೇರಿದ ಮೇಲೆ ಸಿಡಿಪಿಒ ಕಚೇರಿಗಳ ಮುಂದಿನ ಸಾಲನ್ನು ನೀವು ನೋಡಿದ್ದೀರಿ. ಬಾಲ್ಯವಿವಾಹ ತಡೆಯುವ ಹೊಣೆಯೂ ಅವರದೇ. ಹಿಂಸೆಗೆ ಸಿಕ್ಕಿದ ಹೆಣ್ಣುಮಗಳಿಗೆ ಬೇಕಾ​ದ ಅರ್ಧ ದಿನವನ್ನು ಅವರು ಎಲ್ಲಿಂದ ತಂದುಕೊಟ್ಟಾರು? ಒಬ್ಬ ಅಧಿಕಾರಿಯ ಉತ್ಸಾಹದ ಮೇಲೆ ನಿಂತ ವ್ಯವಸ್ಥೆ ಅವರ ವರ್ಗಾವಣೆ ಆದೇಶದ ಜೊತೆಗೇ ಹೋಗುತ್ತದೆ. ಕಾಯ್ದೆಯ 11ನೇ ಕಲಮು ಇಲಾಖೆಗಳ ನಡುವೆ ಸಮನ್ವಯ ಮಾಡಿಸುವ ಹೊಣೆಯನ್ನು ಸರ್ಕಾರದ ಮೇಲೆಯೇ ಹಾಕಿದೆ. 2025ರ ಮೇ 20ರಂದು ನ್ಯಾಯಮೂರ್ತಿ ನಾಗರತ್ನ ಅವರಿದ್ದ ಪೀಠ, ಸಂರಕ್ಷಣಾಧಿಕಾರಿಗಳಿಲ್ಲದ ಕಡೆ 6 ವಾರದೊಳಗೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಅವರನ್ನು ಗುರುತಿಸಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಕಾಯ್ದೆ ಬಂದು ಸುಮಾರು 20 ವರ್ಷವಾದ ಮೇಲೂ ಹೀಗೆ ಹೇಳಬೇಕಾಗಿ ಬಂತು. ನಮ್ಮಲ್ಲಿ ಅಧಿಕಾರಿಗಳ ಹೆಸರು ಇದೆ, ಸಮಯ ಇಲ್ಲ. ಪ್ರತಿ ತಾಲ್ಲೂಕಿಗೆ ಬೇರೆ ಕೆಲಸವಿಲ್ಲದ ಒಬ್ಬ ಸಂರಕ್ಷಣಾಧಿಕಾರಿ ಬೇಕು, ಆ ತಿಂಗಳ ಸಭೆ ಸರ್ಕಾರದ ಆದೇಶದಲ್ಲಿ ಬರಬೇಕು. ಇಷ್ಟನ್ನು ನಾನು ಈ ವೇದಿಕೆಯಿಂದ ಕೇಳುತ್ತೇನೆ, ನೀವೂ ನಿಮ್ಮ ಶಾಸಕರನ್ನು ಕೇಳಿ.

ಕೊನೆಗೆ, ಬಾರದೇ ಹೋದವರ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ 100 ಹೆಂಗಸರಲ್ಲಿ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಲೆಕ್ಕ 29. ಹಿಂಸೆ ಅನುಭವಿಸಿದವರಲ್ಲಿ ದೇಶದಾದ್ಯಂತ ನೆರವು ಕೇಳಿದವರು 100ಕ್ಕೆ 14. 77 ಮಂದಿ ನೆರವೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನಾನು ಇಷ್ಟು ಹೊತ್ತು ಹೇಳಿದ ನಾಲ್ಕು ಕಚೇರಿಗಳೂ ಆ 77 ಮಂದಿಯ ಮುಖ ನೋಡಿಲ್ಲ. ಅವರನ್ನು ದಿನಾ ನೋಡುವವರು ನೀವು. ಪಕ್ಕದ ಮನೆಯವರು, ನೀರಿನ ಟ್ಯಾಂಕಿನ ಹತ್ತಿರ ಸಿಗುವವರು, ಸ್ತ್ರೀಶಕ್ತಿ ಸಂಘದವರು, ಅವರ ಮಕ್ಕಳಿಗೆ ಪಾಠ ಹೇಳುವವರು. ಹಿಂಸೆ ನಡೆಯುತ್ತಿದೆ ಎಂದು ಅನ್ನಿಸಿದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ಬರುವುದಿಲ್ಲ ಎಂದು 4ನೇ ಕಲಮು ನಿಮಗೆ ರಕ್ಷಣೆ ಕೊಟ್ಟಿದೆ.

ಗೋಡೆಯಾಚೆಯಿಂದ ಕೂಗು ಕೇಳಿದ ರಾತ್ರಿ ದಯವಿಟ್ಟು 112ಕ್ಕೆ ಒಂದು ಕರೆ ಮಾಡಿ. ಮರುದಿನ ಆಕೆ ಒಬ್ಬಳೇ ಸಿಕ್ಕಾಗ ಮಹಿಳಾ ಸಹಾಯವಾಣಿಯ 181 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ. ಚೀಟಿಯಲ್ಲಿ ಬರೆದು ಕೊಡಬೇಡಿ, ಅದು ಗಂಡನ ಕೈಗೆ ಸಿಗುತ್ತದೆ. ಮೂರೇ ಅಂಕಿ, ನೆನಪಿನಲ್ಲಿ ಉಳಿಯುತ್ತದೆ.